ಕಂಪ್ಯೂಟರ್ ಪದ ಕಲಿಯಲು ತೈವಾನಿಗೆ ಹೋಗಿ ಬೀರುವಿಗೆ ಹಣೆ ಗುದ್ದಿಕೊಂಡದ್ದು

ನಾನು ಓದು ನಿಲ್ಲಿಸಿದ್ದು 1974ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಕೊರತೆಯೂ ಇರಲಿಲ್ಲ. ಕೆಂಗೇರಿಯ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದೇ ವಾಕ್ಯವನ್ನು ನೂರು ಸಲ ಬರೆಯಲು ಹೇಳಿದ್ದರು. ಐವತ್ತೆರಡು ಸಲ ಬರೆದು, ಪೆನ್ಸಿಲ್ ಕೆಳಗಿಟ್ಟು, ಎದ್ದು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮರುವಾರವೇ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಬ್ಬಿಣ ಕಡೆಯುವ ಒಂದು ಲೇತ್ ಶಾಪಿನಲ್ಲಿ ಸಿಪ್ಪೆ ಗುಡಿಸುತ್ತಿದ್ದೆ. ಹದಿನಾರು ವರ್ಷ ಆದ ಮೇಲೆ ಅದೇ ಬೀದಿಯಲ್ಲಿ ನನ್ನದೇ ಬೋರ್ಡು ಹಾಕಿದೆ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ 2005ರಲ್ಲಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ, ಹೊರದೇಶಕ್ಕೆ ಹೋಗಿ ಮತ್ತೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂತ ಕಥೆ ಇದು. ಕೂತೆ ಎಂದೆ. ಕೂರಲು ಬಿಟ್ಟಿದ್ದರೆ ಅಲ್ಲವೇ! ವಾರವಿಡೀ ಕುಣಿಸಿದರು.

ರಾಜಾಜಿನಗರ

ನನ್ನ ಶಾಪಿನಲ್ಲಿ ಒಂದು ನಿಯಮವಿದೆ. ನನಗೆ ಓಡಿಸಲು ಬಾರದ ಮಷಿನ್ ಅಲ್ಲಿ ಇರಕೂಡದು. ಒಮ್ಮೆ ಗ್ರೈಂಡಿಂಗ್ ಮಷಿನಿನ ಕೆಲಸ ಬಲ್ಲ ಒಬ್ಬನೇ ಒಬ್ಬ ಕೆಲಸಗಾರ, ಮಾಲು ಕಳಿಸಬೇಕಾದ ಹಿಂದಿನ ದಿನ ಪಕ್ಕದ ಶಾಪಿಗೆ ಹೋಗಿಬಿಟ್ಟ. ನಾನು ಆ ಮಷಿನಿನ ಮುಂದೆ ನೆಂಟರ ಮನೆಗೆ ಬಂದವನ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ. ಆವತ್ತು ಮಾಡಿದ ನಿಯಮ.

ಹೀಗಿರುವಾಗ ಗಿರಾಕಿಗಳು ಒಬ್ಬೊಬ್ಬರಾಗಿ ಸಿಎನ್‌ಸಿ ಲೇತಿನ ಕೆಲಸವೇ ಬೇಕು ಎನ್ನತೊಡಗಿದರು. ಕೈಯಲ್ಲಿ ಹಿಡಿ ತಿರುಗಿಸುವ ಬದಲು ಕಂಪ್ಯೂಟರೇ ಟೂಲನ್ನು ನಡೆಸುವ ಲೇತ್ ಅದು. ತೈವಾನಿನ ಒಂದು ಕಂಪನಿಯ ಮಷಿನ್ ಬುಕ್ ಮಾಡಿದೆ. ಅದರ ಜೊತೆಗೆ ಇಬ್ಬರಿಗೆ ಅಲ್ಲೇ ಎರಡು ವಾರದ ತರಬೇತಿ. ಇಲ್ಲಿಯ ಏಜೆಂಟ್ ನಕ್ಕ.

"ಸಾರ್, ನೀವ್ಯಾಕೆ ಸಾರ್ ಹೋಗ್ತೀರ? ಹುಡುಗರನ್ನ ಕಳ್ಸಿ. ಮಾಲೀಕರು ಎಲ್ಲಾದ್ರೂ ಟ್ರೈನಿಂಗಿಗೆ ಹೋಗ್ತಾರಾ?"

"ನಾನೇ ಹೋಗ್ತೀನಿ. ಇನ್ನೊಂದು ಸೀಟು ಬಸವರಾಜಂದು."

ಬಸವರಾಜ ಹುಬ್ಬಳ್ಳಿ ಕಡೆಯವನು, ಐಟಿಐ ಓದಿದವನು, ನನ್ನ ಹತ್ತಿರ ಹದಿನೈದು ವರ್ಷದಿಂದ ಲೇತ್ ಓಡಿಸುತ್ತಿರುವ ಟರ್ನರ್. ನಾನು ಹುಬ್ಬು ಎತ್ತಿದರೆ ಎಷ್ಟು ಎಂಎಂ ತೆಗೆಯಬೇಕು ಎಂದು ಅವನಿಗೆ ಗೊತ್ತು. ಇದನ್ನು ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. ತೈವಾನಿಗೆ ಹೋಗುವ ತನಕ.

ಏಜೆಂಟ್ ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. ಮೊದಲ ವಾರ ಮಷಿನ್ ಮುಟ್ಟುವ ಹಾಗಿಲ್ಲ, ಸ್ಕ್ರೀನಿನ ಮೇಲಿನ ಇಂಗ್ಲಿಷ್ ಪದಗಳ ಕ್ಲಾಸು. ಹಿಂದೆ ತರಬೇತಿಗೆ ಹೋಗಿದ್ದ ಯಾರೋ ಪದ ತಿಳಿಯದೆ ಯಾವುದೋ ಗುಂಡಿ ಒತ್ತಿ ಹೊಸ ಮಷಿನಿನ ಟೂಲನ್ನೇ ಮುರಿದಿದ್ದರಂತೆ. ಶುಕ್ರವಾರ ಪರೀಕ್ಷೆ. ಪಾಸಾದವರು ಎರಡನೇ ವಾರ ಮಷಿನ್ ಹಾಲಿಗೆ. ಫೇಲಾದವರು ಗಾಜಿನ ಹಿಂದೆ ನಿಂತು ನೋಡಬೇಕು.

ಬಸವೇಶ್ವರನಗರದ ಮನೆಯಲ್ಲಿ ಹೆಂಡತಿ ಜಯಮ್ಮ ಸೂಟ್‌ಕೇಸಿಗೆ ಹುರಿಹಿಟ್ಟು ತುಂಬುತ್ತಾ ಕೇಳಿದಳು: "ಅಲ್ಲಾ ರೀ, ಬಸವರಾಜ ಪಾಸಾಗಿ ನೀವು ಫೇಲಾದ್ರೆ ಏನು ಗತಿ?"

"ಬಿಡ್ತು ಅನ್ನು."

"ಬಿಡ್ತು. ಆದ್ರೂ ಕೇಳ್ದೆ."

ವಿಮಾನ ನಿಲ್ದಾಣ

ವಿಮಾನ ಹತ್ತುವ ಮೊದಲೇ ಒಂದು ಜಗಳ ಆಯಿತು. ನನ್ನ ಶರ್ಟಿನ ಜೇಬಿನಲ್ಲಿ ಆರಿಂಚಿನ ಒಂದು ಸ್ಟೀಲ್ ಸ್ಕೇಲ್ ಇರುತ್ತದೆ. ಕನ್ನಡಕ ಮರೆತರೂ ಅದನ್ನು ಮರೆಯುವುದಿಲ್ಲ. ತಪಾಸಣೆಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದು ಒಳಗೆ ಬಿಡಲ್ಲ."

"ಸ್ಕೇಲು ಸಾರ್ ಅದು. ಮೂವತ್ತು ವರ್ಷದಿಂದ ಇದೇ ಜೇಬಲ್ಲಿದೆ, ಯಾರನ್ನೂ ಚುಚ್ಚಿಲ್ಲ."

"ಮೂವತ್ತು ವರ್ಷದಿಂದ ವಿಮಾನ ಹತ್ತುತ್ತಾ ಇದೀರಾ?"

ಸ್ಕೇಲು ಒಂದು ಪ್ಲಾಸ್ಟಿಕ್ ಬುಟ್ಟಿಗೆ ಬಿತ್ತು. ಬುಟ್ಟಿಯಲ್ಲಿ ಆಗಲೇ ನಾಲ್ಕು ಉಗುರು ಕತ್ತರಿ, ಒಂದು ಅಡಕತ್ತರಿ ಇದ್ದವು. ಮುಂದೆ ಬ್ಯಾಂಕಾಕಿನಲ್ಲಿ ವಿಮಾನ ಬದಲಿಸುವಾಗಲೂ ನನ್ನ ಕೈ ಜೇಬಿಗೇ ಹೋಗುತ್ತಿತ್ತು. ಬರಿದಾದ ಜೇಬು ಹಲ್ಲು ಬಿದ್ದ ಜಾಗದ ಹಾಗೆ. ಮುಟ್ಟಿ ನೋಡದೆ ಇರಲಾಗುವುದಿಲ್ಲ.

ತೈಚುಂಗ್, ಭಾನುವಾರ

ತೈಚುಂಗ್ ಮಷಿನ್ ಮಾಡುವವರ ಊರು. ನಮ್ಮ ಎಸ್ಟೇಟಿನಂಥ ಬೀದಿಗಳೇ, ಆದರೆ ಬೀದಿಯಲ್ಲಿ ಎಣ್ಣೆ ಕಲೆ ಇಲ್ಲ. ಸಿಗ್ನಲ್ಲಿನಲ್ಲಿ ಸ್ಕೂಟರಿನವರಿಗೆಂದೇ ರಸ್ತೆಯ ಮೇಲೆ ಒಂದು ಚೌಕ ಬರೆದಿದ್ದಾರೆ. ಅಷ್ಟೂ ಸ್ಕೂಟರುಗಳು ಆ ಚೌಕದೊಳಗೇ ನಿಲ್ಲುತ್ತವೆ, ಮುಂದಿನ ಚಕ್ರ ಕೂಡ ಗೆರೆ ದಾಟುವುದಿಲ್ಲ. ನೋಡಿ ನನಗೆ ಸಂತೋಷವಾಗುವ ಬದಲು ಸಿಟ್ಟು ಬಂತು. ವಿಜಯನಗರದ ಸಿಗ್ನಲ್ಲಿನಲ್ಲಿ ದಿನಾ ನನ್ನ ಕಾಲಿನ ಮೇಲೆ ಗಾಡಿ ಹತ್ತಿಸುವವರು ನೆನಪಾದರು.

ಸಂಜೆ ಗೆಸ್ಟ್‌ಹೌಸಿನ ಮುಂದೆ ನಿಂತಿದ್ದಾಗ ದೂರದಿಂದ ಇಂಪಾದ ಸಂಗೀತ ಕೇಳಿಸಿತು. ಮನೆ ಮನೆಯಿಂದ ಹೆಂಗಸರು, ಮುದುಕರು ಕೈಯಲ್ಲಿ ಏನೋ ಹಿಡಿದು ರಸ್ತೆಗೆ ಓಡಿ ಬಂದು ಸಾಲಾಗಿ ನಿಂತರು.

"ಸಾವ್ಕಾರ್ರ, ದೇವರ ಮೆರವಣಿಗಿ ಬರಾಕತ್ತೇತಿ ಕಾಣತೇತ್ರಿ," ಎಂದ ಬಸವರಾಜ. ಚಪ್ಪಲಿ ಕಳಚಿ ಕೈಮುಗಿದು ನಿಂತ. ಅವನು ನಿಂತ ಮೇಲೆ ನಾನು ಸುಮ್ಮನಿರಲು ಆಗುತ್ತದೆಯೇ? ನಾನೂ ಮುಗಿದೆ.

ಬಂದದ್ದು ಕಸದ ಲಾರಿ. ಸಂಗೀತ ಅದರದೇ. ಜನ ಕೈಯಲ್ಲಿ ಹಿಡಿದದ್ದು ಕಸದ ಚೀಲ. ಎದುರುಗಡೆಯ ಅಜ್ಜಿಯೊಬ್ಬಳು ಚೀಲ ಎಸೆದು ಬಂದು, ಕೈಮುಗಿದು ನಿಂತ ನಮ್ಮಿಬ್ಬರನ್ನು ನೋಡಿ, ಪಾಪ, ತಾನೂ ತಲೆ ಬಾಗಿಸಿ ನಮಸ್ಕಾರ ಮಾಡಿ ಹೋದಳು.

ಊಟದ್ದು ಬೇರೆ ಕಥೆ. ಬಸವರಾಜ ಮೊಟ್ಟೆಯನ್ನೂ ಮುಟ್ಟುವವನಲ್ಲ. ಸ್ವಸ್ತಿಕದ ಬೋರ್ಡು ಹಾಕಿದ ಹೋಟೆಲು ಸಸ್ಯಾಹಾರಿ ಎಂದು ಗೆಸ್ಟ್‌ಹೌಸಿನವರು ಹೇಳಿದ್ದರು. ಹೋಗಿ ಕೂತೆವು. ತಟ್ಟೆಯಲ್ಲಿ ಕಣ್ಣು, ಬಾಲ, ಪೊರೆ ಸಮೇತ ಒಂದು ಮೀನು ಬಂತು. ಬಸವರಾಜ ಕುರ್ಚಿಯಿಂದ ಎದ್ದೇಬಿಟ್ಟ. ಹೋಟೆಲಿನ ಹುಡುಗಿ ಓಡಿ ಬಂದು ಅದು ಸೋಯಾ ಹಿಟ್ಟಿನದು ಎಂದು ಚಿತ್ರ ತೋರಿಸಿ ಸಮಾಧಾನ ಮಾಡಿದಳು.

"ಮೀನಲ್ಲಂತ, ಮೀನಿನಂಗ ಮಾಡ್ಯಾರಂತ! ತಿನ್ನಂಗಿಲ್ಲ ಅಂದಮ್ಯಾಲ ಅದರ ಹಂಗ ಯಾಕ ಮಾಡಬೇಕ್ರಿ?"

"ನನ್ನ ಕೇಳಿದ್ರೆ? ನಾನು ತಿನ್ನೋನು, ನನಗೂ ಇದು ಸೇರ್ತಾ ಇಲ್ಲ."

ಕೊನೆಗೆ ಇಬ್ಬರೂ ರೂಮಿಗೆ ಬಂದು ಹುರಿಹಿಟ್ಟು ಕಲಸಿಕೊಂಡೆವು.

ಸೋಮವಾರ, ಚೆಂಡು

ಕ್ಲಾಸು ಮೇಲಿನ ಮಹಡಿಯಲ್ಲಿ. ಒಂದು ಪಕ್ಕದಲ್ಲಿ ಉದ್ದಕ್ಕೂ ಗಾಜು. ಕೆಳಗೆ ಮಷಿನ್ ಹಾಲ್. ಹಸಿರು ಬಿಳಿ ಬಣ್ಣದ ಲೇತುಗಳು ಸಾಲಾಗಿ ನಿಂತಿದ್ದವು. ನನ್ನ ಮಷಿನಿನ ಅಕ್ಕತಂಗಿಯರು. ಮುಟ್ಟುವ ಹಾಗಿಲ್ಲ!

ಕಲಿಯಲು ಬಂದವರು ಎಂಟು ಜನ. ಥಾಯ್‌ಲ್ಯಾಂಡಿನವರು ಮೂವರು, ವಿಯೆಟ್ನಾಮಿನವರು ಮೂವರು, ನಾವಿಬ್ಬರು. ನನಗಿಂತ ಹಿರಿಯರು ಯಾರೂ ಇಲ್ಲ. ಕಲಿಸುವವರು ಫಿಲಿಪೈನ್ಸಿನ ಮಿಸ್ ಡೋರಿಸ್. ಐವತ್ತು ದಾಟಿದ ಕುಳ್ಳು ಹೆಂಗಸು, ಕಾಲಿಗೆ ಓಡುವ ಬೂಟು, ಕುತ್ತಿಗೆಯಲ್ಲಿ ಸೀಟಿ. ನಾನು ಹೊಸ ನೋಟ್‌ಬುಕ್ಕು, ಎರಡು ಪೆನ್ನು ತೆಗೆದು ಮೇಜಿನ ಮೇಲೆ ಜೋಡಿಸಿದೆ. ಅವರು ಬಂದು ಅವನ್ನೆಲ್ಲ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ನೋ ರೈಟಿಂಗ್, ಮಿಸ್ಟರ್ ಸ್ವಾಮಿ." ರಂಗಸ್ವಾಮಿ ಎಂಬ ನನ್ನ ಹೆಸರನ್ನು ಅವರು ಮೊದಲ ನಿಮಿಷದಲ್ಲೇ ಅರ್ಧ ಮಾಡಿದ್ದರು.

ಆಮೇಲೆ ಒಂದು ಕೆಂಪು ಚೆಂಡು ಹೊರಬಂತು. ಚೆಂಡು ಯಾರ ಕೈಗೆ ಬರುತ್ತದೋ ಅವರು ಒಂದು ಪದ ಹೇಳಬೇಕು. ಓಪನ್. ಫೈಲ್. ಕಾಪಿ. ಡಿಲೀಟ್. ಹೇಳಿದ ಪದವನ್ನೇ ಇನ್ನೊಬ್ಬರು ಹೇಳಿದರೆ ಔಟ್, ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಮೂವತ್ತು ಜನರಿಗೆ ಸಂಬಳ ಕೊಡುವವನು ನಾನು. ಹತ್ತು ನಿಮಿಷದಲ್ಲಿ ಮೂರು ಸಲ ಗೋಡೆಯ ಹತ್ತಿರ ನಿಂತೆ. ಬಸವರಾಜ ಕೊನೆಯವರೆಗೆ ಉಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನನ್ನ ಕಡೆ ನೋಡಿ ತಪ್ಪು ಮಾಡಿದವನ ಹಾಗೆ ತಲೆ ಕೆಳಗೆ ಹಾಕಿದ.

"ಇದೇನ್ರಿ ಸಾವ್ಕಾರ್ರ, ಬಾಲವಾಡಿ ಆತಲ್ರಿ," ಎಂದ ಆಮೇಲೆ, ನನ್ನ ಸಮಾಧಾನಕ್ಕೆ.

"ಬಾಲವಾಡೀಲಿ ಉಪ್ಪಿಟ್ಟಾದ್ರೂ ಕೊಡ್ತಾರೆ ಕಣೋ."

ಮಂಗಳವಾರ, ಮೇನ್ ಸ್ವಿಚ್

ಇದನ್ನು ಬರೆಯಲು ಇಷ್ಟವಿಲ್ಲ. ಆದರೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಎಸ್ಟೇಟಿನಲ್ಲಿ ಕರೆಂಟು ಹೋದರೆ ತೊಂದರೆ ಇಲ್ಲ, ಬಂದರೆ ತೊಂದರೆ. ವೋಲ್ಟೇಜು ಎಗರಿಕೊಂಡು ಬರುತ್ತದೆ. ಎರಡು ಮೋಟರು ಸುಟ್ಟ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಆಯಿತು. ಟೀಗೇ ಹೋಗಲಿ, ಊಟಕ್ಕೇ ಹೋಗಲಿ, ಕೊನೆಯಲ್ಲಿ ಹೊರಡುವವನು ಮೇನ್ ಸ್ವಿಚ್ಚು ಇಳಿಸಿ, ಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಬೇಕು. ಹೆಚ್ಚಾಗಿ ಆ ಕೊನೆಯವನು ನಾನೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ನಾನು ಕೊನೆಯಲ್ಲಿದ್ದೆ. ಬಾಗಿಲ ಪಕ್ಕದಲ್ಲೇ ಬೋರ್ಡಿತ್ತು. ಕೈ ತಾನಾಗಿ ಹೋಯಿತು. ಇಳಿಸಿದೆ, ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಮೆಟ್ಟಿಲು ಇಳಿಯುವಾಗ ಬಸವರಾಜನಿಗೆ ಹೇಳಿದೆ ಕೂಡ: "ನೋಡು, ಇಷ್ಟು ದೊಡ್ಡ ಕಂಪನಿ. ಮೇನ್ ಆಫ್ ಮಾಡೋ ಬುದ್ಧಿ ಒಬ್ಬರಿಗೂ ಇಲ್ಲ."

"ನಮ್ಮಂಗ ಯಾರಿರ್ತಾರ್ರಿ," ಎಂದ ಅವನೂ.

ಆ ದೇಶದವರಿಗೆ ಇನ್ನೊಂದು ಅಭ್ಯಾಸವಿದೆ. ಊಟವಾದ ಮೇಲೆ ದೀಪ ಆರಿಸಿ, ಮೇಜಿನ ಮೇಲೆ ತಲೆ ಇಟ್ಟು ಅರ್ಧ ಗಂಟೆ ಮಲಗುತ್ತಾರೆ. ಮ್ಯಾನೇಜರಿನಿಂದ ಹಿಡಿದು ಗುಡಿಸುವವರ ತನಕ. ನಮ್ಮಲ್ಲಿ ಹಾಗೆ ಮಲಗಿದವನನ್ನು ನಾನು ಕೆಲಸದಿಂದ ತೆಗೆದಿದ್ದೇನೆ. ಕತ್ತಲೆಯೇ ಇರಬೇಕಾದ ಹೊತ್ತು, ಹಾಗಾಗಿ ಕರೆಂಟು ಇಲ್ಲ ಎಂದು ಯಾರಿಗೂ ಗೊತ್ತಾಗಲಿಲ್ಲ. ಎದ್ದ ಮೇಲೆ ಮಿಸ್ ಡೋರಿಸ್ ತಮ್ಮ ಕಂಪ್ಯೂಟರಿನ ಮುಂದೆ ಕೂತರು. ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಬೋರ್ಡಿನ ಕಡೆ ನೋಡಿದರು.

ಶುಕ್ರವಾರದ ಪರೀಕ್ಷೆಗೆ ಬೆಳಗಿನಿಂದ ಟೈಪ್ ಮಾಡಿದ್ದ ಅಷ್ಟೂ ಪದಗಳ ಚೀಟಿಗಳು ಅಳಿಸಿ ಹೋಗಿದ್ದವು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸು ಎಂದು ಬೇರೆಯಾಗಿ ಹೇಳದಿದ್ದರೆ ಅದು ಉಳಿಸಿಕೊಳ್ಳುವುದಿಲ್ಲವಂತೆ. ಎಂಥ ಯಂತ್ರ ನೋಡಿ! ನನ್ನ ಲೇತಿನಲ್ಲಿ ಅರ್ಧ ಕಡೆದ ಕಬ್ಬಿಣದ ಬುಷ್ಷು ಕರೆಂಟು ಹೋದರೂ ಅರ್ಧ ಕಡೆದ ಹಾಗೇ ಇರುತ್ತದೆ.

ನಾನೇ ಎದ್ದು ನಿಂತೆ. "ಮೇಡಂ, ಐ ಆಫ್. ಬೆಂಗಳೂರ್ ಕರೆಂಟ್ ವೆರಿ ಬ್ಯಾಡ್." ಮೋಟರು ಸುಡುವುದನ್ನು ಕೈಯಲ್ಲಿ, ಹೊಗೆ ಬರುವುದನ್ನು ಬಾಯಲ್ಲಿ ಮಾಡಿ ತೋರಿಸಿದೆ. ಥಾಯ್‌ಲ್ಯಾಂಡಿನ ಮೂವರು ಬಿದ್ದು ಬಿದ್ದು ನಕ್ಕರು. ಮಿಸ್ ಡೋರಿಸ್ ನಗಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ "ಸೇವ್" ಎಂದು ಇಂಗ್ಲಿಷಿನಲ್ಲಿ ಬರೆದು ನನ್ನ ಜೇಬಿಗೆ, ಸ್ಕೇಲು ಇರುತ್ತಿದ್ದ ಜಾಗಕ್ಕೇ, ಸಿಕ್ಕಿಸಿದರು. ಮತ್ತೆ ಮೊದಲಿನಿಂದ ಟೈಪ್ ಮಾಡಲು ಕೂತರು.

ಬುಧವಾರ, ನೆಲವೇ ಸ್ಕ್ರೀನು

ಬೆಳಿಗ್ಗೆ ಬಂದು ನೋಡಿದರೆ ಕುರ್ಚಿಗಳೇ ಇಲ್ಲ. ನೆಲದ ತುಂಬ ಬಣ್ಣದ ಟೇಪಿನ ಚೌಕಗಳು. ಎಡ ಮೂಲೆಯಲ್ಲಿ ಚಿತ್ರವಿಟ್ಟ ಒಂದು ರಟ್ಟಿನ ಡಬ್ಬಿ, ಅದರ ಹೆಸರು ಫೈಲ್. ಬಲಗಡೆ ಒಂದು ಹಲಗೆ, ಅದರಾಚೆಗೆ ಕಬ್ಬಿಣದ ಬೀರು. ನಡುವಿನ ಚೌಕ ಹೋಮ್.

ಆಟ ಹೀಗೆ. ಒಬ್ಬರು ಮಷಿನ್, ಇನ್ನೊಬ್ಬರು ಆಪರೇಟರ್. ಮಷಿನ್ ಆದವರು ತಲೆಗೆ ರಟ್ಟಿನ ಬಾಣದ ಟೋಪಿ ಹಾಕಿಕೊಂಡು ಹೋಮ್‌ನಲ್ಲಿ ನಿಲ್ಲಬೇಕು. ಆಪರೇಟರ್ ಗೆರೆಯ ಹೊರಗೆ ಕೈ ಹಿಂದೆ ಕಟ್ಟಿಕೊಂಡು, ಕಲಿತ ಪದಗಳಿಂದ ಮಾತ್ರ ನಡೆಸಬೇಕು: ಫೈಲಿನ ಹತ್ತಿರ ಕಳಿಸಿ, ತೆರೆಸಿ, ಕಾಪಿ ಎಂದು ಚಿತ್ರ ತೆಗೆಸಿ, ಬಲಕ್ಕೆ ನಡೆಸಿ, ಪೇಸ್ಟ್ ಎಂದು ಹಲಗೆಗೆ ಅಂಟಿಸಿ, ಹೋಮ್‌ಗೆ ಕರೆಸಿ, ಸೇವ್ ಎಂದು, ಆಫ್ ಎನ್ನಬೇಕು. ಮೂವ್ ಎಂದರೆ ಸ್ಟಾಪ್ ಎನ್ನುವವರೆಗೆ ಮಷಿನ್ ನಡೆಯುತ್ತಲೇ ಇರುತ್ತದೆ. ಮಷಿನ್ ಮಾತಾಡುವ ಹಾಗಿಲ್ಲ. ಹೇಳದ್ದನ್ನು ಮಷಿನ್ ಮಾಡಿದರೆ ಆಪರೇಟರ್ ಫೇಲ್.

ನನಗೆ ಮಷಿನ್ ಆಗಿ ಸಿಕ್ಕವಳು ಹ್ವಾ ಎಂಬ ವಿಯೆಟ್ನಾಮಿನ ಹುಡುಗಿ, ಅವಳ ಊರಿನ ಕಾರ್ಖಾನೆಯಲ್ಲಿ ಮಷಿನ್ ಓಡಿಸುವವಳು. ನಾನು "ಮೂವ್" ಎಂದೆ. ನಿಂತೇ ಇದ್ದಳು. "ಮೂವಮ್ಮಾ!" ಎಂದೆ. ಕಣ್ಣು ಮಿಟುಕಿಸಲಿಲ್ಲ. ಗಲ್ಲದಿಂದ ಎಡಗಡೆ ತೋರಿಸಿದೆ. ಸೀಟಿ ಕೇಳಿಸಿತು. ಎಡವೋ ಬಲವೋ ಬಾಯಲ್ಲಿ ಹೇಳಬೇಕಂತೆ. ಎಡ ಎಂದೆ, ಹೊರಟಳು. ಫೈಲಿನ ಡಬ್ಬಿ ಬಂತು, ನಿಲ್ಲಲಿಲ್ಲ, ಡಬ್ಬಿಯನ್ನು ಒದ್ದುಕೊಂಡೇ ಮುಂದೆ ಹೋದಳು. ಅಷ್ಟು ದೊಡ್ಡ ಡಬ್ಬಿ ಕಾಣುವುದಿಲ್ಲವೇ! ನಮ್ಮ ಶಾಪಿನಲ್ಲಿ "ಸ್ವಲ್ಪ ತೆಗಿ" ಎಂದರೆ ಎಷ್ಟು ಸ್ವಲ್ಪ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕಣ್ಣೆದುರು ಇರುವುದಕ್ಕೂ ಅಪ್ಪಣೆ ಬೇಕು.

ಐದು ಸಲ ಆಡಿದೆವು. ಐದು ಸಲವೂ ಅವಳು ಎಲ್ಲೋ ಹೋಗಿ ಗುದ್ದಿದಳು. ಗುದ್ದಿ ತಿರುಗಿ ನನ್ನನ್ನೇ ನೋಡುತ್ತಿದ್ದಳು, ತಪ್ಪು ನನ್ನದು ಎಂಬ ಹಾಗೆ. ಗುರುವಾರವೂ ಇದೇ ಆಟ. ಅಂದು ಮಾತ್ರ ಒಂದು ಸಲ, ಒಂದೇ ಸಲ, ಆಫ್ ತನಕ ತಲುಪಿದೆ. ಹ್ವಾ ಟೋಪಿ ತೆಗೆದು ನನಗೆ ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟಳು.

ಶುಕ್ರವಾರ, ಬೀರು

ಜೋಡಿಗಳನ್ನು ಚೀಟಿ ಎತ್ತಿ ಮಾಡಿದರು. ನನ್ನ ಚೀಟಿಯಲ್ಲಿ ಬಸವರಾಜನ ಹೆಸರು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಹದಿನೈದು ವರ್ಷದ ಜೊತೆ. ಇನ್ನೇನು ಬೇಕು?

ಮೊದಲು ನಾನು ಆಪರೇಟರ್, ಅವನು ಮಷಿನ್. ಬಾಣದ ಟೋಪಿ ಹಾಕಿಕೊಂಡು ನಿಂತ. "ಸ್ಟಾರ್ಟ್," ಎಂದೆ. "ಮೂವ್ ಲೆಫ್ಟ್," ಎಂದೆ. ನಡೆದ. ಡಬ್ಬಿ ಬಂತು. ಸ್ಟಾಪ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ನಿಂತುಬಿಟ್ಟ. ನಿಂತದ್ದಲ್ಲದೆ ಬಗ್ಗಿ ಡಬ್ಬಿಯ ಮುಚ್ಚಳವನ್ನೂ ತೆಗೆದ.

ಸೀಟಿ.

"ಮಿಸ್ಟರ್ ಸ್ವಾಮಿ, ಮಷಿನ್ ಡಸ್ ನಾಟ್ ಗೆಸ್." ಮಷಿನ್ ಊಹೆ ಮಾಡುವುದಿಲ್ಲ.

"ನಾನೇನೂ ಹೇಳಲೇ ಇಲ್ಲ ಮೇಡಂ!" ಎಂದೆ, ಕನ್ನಡದಲ್ಲೇ. ಅದೇ ತಪ್ಪು. ನಾನು ಹೇಳದೆ ಇದ್ದದ್ದನ್ನು ಅವನು ಮಾಡಿದ್ದ. ಎರಡನೇ ಅವಕಾಶ ಕೊಟ್ಟರು. ಈ ಸಲ ನನ್ನ ಕಣ್ಣು ಹಲಗೆಯ ಕಡೆ ಹೊರಳಿತು ಎಂದು ಕಾಣುತ್ತದೆ, ಅವನು ಬಲಕ್ಕೆ ಹೊರಟೇಬಿಟ್ಟ. ಮತ್ತೆ ಸೀಟಿ. ಯಾವುದನ್ನು ಊರೆಲ್ಲ ಹೇಳಿಕೊಂಡು ಮೆರೆದಿದ್ದೆನೋ ಅದೇ ನನ್ನನ್ನು ಫೇಲ್ ಮಾಡಿತು. ಗಾಜಿನ ಕೆಳಗೆ ಮಷಿನ್ ಹಾಲಿನಲ್ಲಿ ದೀಪ ಹಚ್ಚಿದ್ದರು. ನಾನು ಆ ಕಡೆ ನೋಡಲಿಲ್ಲ.

ಈಗ ಅದಲುಬದಲು. ಬಸವರಾಜ ಆಪರೇಟರ್, ನಾನು ಟೋಪಿ ಹಾಕಿಕೊಂಡ ಮಷಿನ್. ಅವನ ಬಾಯಿಂದ ಮಾತೇ ಹೊರಡಲಿಲ್ಲ. ಪದಗಳೆಲ್ಲ ಬರುತ್ತವೆ, ಚೆಂಡಿನ ಆಟದಲ್ಲಿ ಕೊನೆಯವರೆಗೆ ಉಳಿದವನು. ಆದರೆ ಎದುರಿಗೆ ನಿಂತಿರುವವನು ಮಾಲೀಕ.

"ಪ್ಲೀಸ್ ಸ್ಟಾರ್ಟ್ ಸರ್," ಎಂದ, ನೆಲ ನೋಡುತ್ತಾ. ಸೀಟಿ ಕೇಳಿಸಿತು. ಮಷಿನಿಗೆ ಪ್ಲೀಸ್ ಇಲ್ಲ, ಸರ್ ಇಲ್ಲ.

"ಹೇಳೋ ಬಸ್ಯಾ, ಜೋರಾಗಿ ಹೇಳು!" ಎಂದೆ. ಮತ್ತೆ ಸೀಟಿ. ಮಷಿನ್ ಮಾತಾಡುವುದಿಲ್ಲ! ಮಿಸ್ ಡೋರಿಸ್ ಒಂದು ಬೆರಳು ಎತ್ತಿದರು. ಇನ್ನೊಂದು ತಪ್ಪಾದರೆ ಬಸವರಾಜನೂ ಗಾಜಿನ ಹಿಂದೆ. ಆಗ ಮಷಿನ್ ಕಲಿತು ಬರುವವರು ಇಬ್ಬರಲ್ಲಿ ಒಬ್ಬರೂ ಇಲ್ಲ. ಮಷಿನ್ ರಾಜಾಜಿನಗರಕ್ಕೆ ಬರುತ್ತದೆ, ನಾವು ಅದಕ್ಕೆ ಹೂ ಮುಡಿಸಿ ಸುತ್ತ ನಿಂತು ನೋಡಬೇಕು.

ಅವನು ಹೇಗೋ ಫೈಲಿನ ತನಕ ನಡೆಸಿದ. ಚಿತ್ರ ತೆಗೆಸಿದ. "ಮೂವ್ ರೈಟ್," ಎಂದ. ನಡೆದೆ. ಹಲಗೆ ಬಂತು. ಸ್ಟಾಪ್ ಎನ್ನಬೇಕು. ಅವನ ತುಟಿ ಅಲುಗುವುದು ನನಗೆ ಕಾಣುತ್ತಿತ್ತು, ಶಬ್ದವಿಲ್ಲ. ಮಾಲೀಕನಿಗೆ ನಿಲ್ಲು ಎಂದು ಅವನು ಯಾವತ್ತಾದರೂ ಹೇಳಿದ್ದಾನೆಯೇ? ನಾನೇ ನಿಂತುಬಿಡಬಹುದಿತ್ತು. ನಿಂತರೆ ಅವನು ಫೇಲ್. ಹಲಗೆ ದಾಟಿದೆ. ಮುಂದೆ ಬೀರು. ಆ ಕ್ಷಣ ನನಗೆ ಸಿಟ್ಟೂ ಬಂತು, ಹಟವೂ ಬಂತು: ನೀನು ಹೇಳುವವರೆಗೆ ನಿಲ್ಲುವುದಿಲ್ಲ, ಏನಾಗುತ್ತದೋ ಆಗಲಿ. ನಡೆದೆ. ಹಣೆ ಬೀರುವಿಗೆ ಧಡ್ ಎಂದು ಬಡಿಯಿತು. ರಟ್ಟಿನ ಬಾಣ ಮಡಚಿ ಮೂಗಿನ ಮೇಲೆ ಬಂತು. ಆದರೂ ಕಾಲು ಎತ್ತಿ ಇಡುತ್ತಲೇ ಇದ್ದೆ, ಬೀರುವಿಗೆ ಎರಡನೇ ಸಲ ಬಡಿಯಿತು.

"ಸ್ಟಾಪ್!"

ಆ ಕೂಗಿಗೆ ಕೆಳಗಿನ ಹಾಲಿನಲ್ಲಿದ್ದವರೂ ತಲೆ ಎತ್ತಿ ನೋಡಿದರಂತೆ. ನಿಂತೆ. ಮಿಸ್ ಡೋರಿಸ್ ಸೀಟಿಯನ್ನು ಬಾಯಿಗೆ ಇಟ್ಟವರು ಊದದೆ ಕೆಳಗಿಳಿಸಿದರು. ಗುದ್ದಿದ್ದು ಆಪರೇಟರಿನ ತಪ್ಪು, ಆದರೆ ತಪ್ಪನ್ನು ನಿಲ್ಲಿಸಿದ್ದೂ ಆಪರೇಟರೇ, ಮುಂದುವರಿಸಬಹುದು ಎಂದರು. ಆಮೇಲೆ ಬಸವರಾಜನ ದನಿಯೇ ಬೇರೆ. "ಮೂವ್ ಲೆಫ್ಟ್. ಸ್ಟಾಪ್. ಪೇಸ್ಟ್. ಹೋಮ್. ಸೇವ್. ಆಫ್." ಸಂತೆಯಲ್ಲಿ ಎತ್ತು ತಿರುಗಿಸುವವನ ಹಾಗೆ ನನ್ನನ್ನು ತಿರುಗಿಸಿದ. ಪಾಸಾದ.

ಅವನ ಹಾಗೆ ನನಗೂ ಊಟದ ನಂತರ ಮೂರನೆಯ, ಕೊನೆಯ ಒಂದು ಅವಕಾಶ ಎಂದರು.

ದೀಪ ಆರಿಸಿ ಎಲ್ಲರೂ ಊಟದ ಹಾಲಿನ ಮೇಜುಗಳ ಮೇಲೆ ತಲೆ ಇಟ್ಟರು. ಆವತ್ತು ನಾನೂ ಇಟ್ಟೆ, ಹಣೆ ನೋಯುತ್ತಿತ್ತು. ಪಕ್ಕದ ಮೇಜಿನಿಂದ ಬಸವರಾಜ ಪಿಸುಗುಟ್ಟಿದ.

"ಸಾವ್ಕಾರ್ರ, ಭಾಳ ಬಡೀತೇನ್ರಿ?"

"ಸುಮ್ನೆ ಮಲ್ಕೋ."

"ನಾ ಬೇಕಂತ ಮಾಡಲಿಲ್ರಿ. ನಿಮ್ಮ ಕಣ್ಣು ಹೋದ ಕಡೆ ನನ್ನ ಕಾಲು ಹೋಗ್ತಾವು. ಮುಖಾ ನೋಡಿದ್ರ ಮುಗೀತ್ರಿ, ತಡೀಲಿಕ್ಕ ಆಗಂಗಿಲ್ಲ."

"ಹಾಗಾದ್ರೆ ನನ್ನ ಮುಖ ನೋಡ್ಬೇಡ."

ಮುಖ ಆ ಕಡೆ ಹೊರಳಿಸಿ ಕೇಳಿದ: "ಬೆನ್ನು ಮಾಡಿ ನಿಂದರ್ಲೇನ್ರಿ? ಸಿಟ್ಟಾಗಂಗಿಲ್ಲಲ್ಲ?"

ಮಾಲೀಕನಿಗೆ ಬೆನ್ನು ತಿರುಗಿಸಿ ನಿಲ್ಲುವುದಕ್ಕೆ ಅಪ್ಪಣೆ ಕೇಳುತ್ತಿದ್ದ. ಹೂಂ ಎಂದೆ.

ಕ್ಲಾಸಿಗೆ ಮರಳಿ, ಹೋಮ್ ಚೌಕದಲ್ಲಿ ಬೆನ್ನು ಮಾಡಿ ನಿಂತ. ಬೆವರಿನ ಗೆರೆ ಇದ್ದ ಅವನ ಶರ್ಟಿನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹುಬ್ಬು ಎತ್ತಿದರೆ ಪ್ರಯೋಜನವಿಲ್ಲ, ಗಲ್ಲ ಆಡಿಸಿದರೆ ಪ್ರಯೋಜನವಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ಬಸವರಾಜ ನನ್ನ ಬಾಯಿಂದ ಮಾತು ಬರಲಿ ಎಂದು ಕಾಯುತ್ತಾ ನಿಂತ. ನಾನು ಒಂದೊಂದಾಗಿ ಹೇಳಿದೆ. ಸ್ಟಾರ್ಟ್. ಮೂವ್ ಲೆಫ್ಟ್. ಸ್ಟಾಪ್. ಓಪನ್. ಕಾಪಿ. ಮೂವ್ ರೈಟ್. ಹೇಳಿದ್ದಷ್ಟೇ ಮಾಡಿದ. ಹಲಗೆಯ ಹತ್ತಿರ ಬಂದ; ನಾನು ಮರೆತರೆ ಇವನು ಖಂಡಿತ ಬೀರುವಿಗೆ ಗುದ್ದುತ್ತಾನೆ ಎಂದು ಗೊತ್ತಿತ್ತು. ಸ್ಟಾಪ್. ಪೇಸ್ಟ್. ಹೋಮ್.

ಹೋಮ್‌ಗೆ ಬಂದು ನಿಂತ. ಎಲ್ಲ ಮುಗಿಯಿತು ಎಂದು ನನ್ನ ಬಲಗೈ ಹಿಂದಿನಿಂದ ಬಿಡಿಸಿಕೊಂಡು ಮೇಲಕ್ಕೆ ಏಳತೊಡಗಿತು, ರಾಜಾಜಿನಗರದ ಮೇನ್ ಸ್ವಿಚ್ಚು ಇರುವ ಎತ್ತರಕ್ಕೆ. ಹ್ವಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಿಸ್ ಡೋರಿಸ್ ತಾವೇ ರಟ್ಟು ಸಿಕ್ಕಿಸಿದ್ದ ನನ್ನ ಜೇಬಿನ ಕಡೆ ನೋಡಲಿಲ್ಲ, ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದರು. ಕೈ ಅರ್ಧದಲ್ಲಿ ನಿಂತಿತು.

"ಸೇವ್," ಎಂದೆ. ಆಮೇಲೆ, "ಆಫ್."

ಮಿಸ್ ಡೋರಿಸ್ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಡ್ರಾಯರಿನಲ್ಲಿ ಹಾಕಿದರು. ಕಪಾಟಿನ ಬೀಗ ತೆಗೆದು ನನ್ನ ನೋಟ್‌ಬುಕ್ಕನ್ನು ವಾಪಸ್ಸು ಕೊಟ್ಟರು. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಮತ್ತೆ ರಾಜಾಜಿನಗರ

ಎರಡನೇ ವಾರದ ಬಗ್ಗೆ ಹೇಳುವಂಥದ್ದು ಏನಿಲ್ಲ. ಮಷಿನ್ ಹಾಲಿಗೆ ಇಳಿದೆವು, ಕಲಿತೆವು, ಬಂದೆವು. ಮಷಿನ್ ಮೂರು ತಿಂಗಳಿಗೆ ಬಂತು. ಸ್ಕ್ರೀನಿನ ಪಕ್ಕದಲ್ಲಿ ಪದಗಳ ಚೀಟಿ ಅಂಟಿಸಿದ್ದೇನೆ. ಮೇನ್ ಸ್ವಿಚ್ಚನ್ನು ಈಗಲೂ ನಾನೇ ಇಳಿಸುತ್ತೇನೆ, ಆದರೆ ಮೊದಲು ಸೇವ್ ಎಂದು ಜೋರಾಗಿ ಕೂಗಬೇಕು, ಒಳಗಿನಿಂದ ಉತ್ತರ ಬರಬೇಕು. ಬಸವರಾಜ ವಾರಕ್ಕೆ ಒಂದೆರಡು ಸಲ ನನಗೆ ಸ್ಟಾಪ್ ಎನ್ನುತ್ತಾನೆ. ಅದು ಮಷಿನಿನ ಮುಂದೆ ಮಾತ್ರ ಎಂದುಕೊಂಡಿದ್ದೆ. ಮೊನ್ನೆ ಗಿರಾಕಿಯ ಮೇಲೆ ರೇಗುತ್ತಿದ್ದಾಗಲೂ ಅಂದ. ಸಿಟ್ಟು ಬಂತು. ನಿಲ್ಲಿಸಿದೆ.

ಜಯಮ್ಮ ಹಣೆಯ ಗುರುತು ನೋಡಿ ಕೇಳಿದಾಗ ಅಲ್ಲಿ ಭೂಕಂಪ ಜಾಸ್ತಿ ಎಂದಿದ್ದೆ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹಳೆಯ ಲೇತ್ ಐದು. ಸಿಎನ್‌ಸಿ ಒಂದು. ಅದನ್ನು ಓಡಿಸಬಲ್ಲವರು ಇಬ್ಬರು, ನಾನೂ ಸೇರಿ. ತೈವಾನಿನ ಸರ್ಟಿಫಿಕೇಟು ಒಂದು, ಅರ್ಧ ಹೆಸರಿನಲ್ಲಿ. ಹೊಸ ಸ್ಟೀಲ್ ಸ್ಕೇಲ್ ಒಂದು. ಖಾಲಿ ನೋಟ್‌ಬುಕ್ಕು ಒಂದು, ಇದನ್ನು ಬರೆದದ್ದರಿಂದ ಈಗ ಅದೂ ಖಾಲಿಯಲ್ಲ. ಕೆಂಗೇರಿ ಶಾಲೆಯಲ್ಲಿ ಬರೆಯದೆ ಉಳಿದ ಸಾಲು, ನಲವತ್ತೆಂಟು.